ಹಿಂದೆ ನಿಲ್ಲುವವನ ಆಟ



ಈ ಸಲದ ಗೋಡೆ ಪತ್ರಿಕೆಗೆ ಆಟದ ಬಗ್ಗೆ ಲೇಖನ ಬರೆಯಬೇಕೆಂದು ನನಗೆ ಹೇಳಿದಾಗ ಎಲ್ಲರೂ "ಸುನಿಲ್ ಛೆಟ್ರಿ ಬಗ್ಗೆ ಬರಿ" ಅಂದರು. ಛೆಟ್ರಿ ಬಗ್ಗೆ ಪೇಪರಿನವರು ಬರೀತಾರೆ. ನಾನು ಬರೆಯುವುದು ಬ್ಯಾಕ್ ಬಗ್ಗೆ. ಅಂದರೆ ಗೋಲ್‌ಕೀಪರನ ಮುಂದೆ, ಉಳಿದವರೆಲ್ಲರ ಹಿಂದೆ ನಿಲ್ಲುವವನ ಬಗ್ಗೆ. ಡಿಫೆಂಡರ್ ಅಂತಲೂ ಕರೆಯುತ್ತಾರೆ.

ಕಾರಣ ನಿಮಗೆ ಗೊತ್ತೇ ಇದೆ. ಕಳೆದ ತಿಂಗಳು ಪಕ್ಕದೂರಿನವರ ಜೊತೆ ಆಡಿದ ಮ್ಯಾಚಿನಲ್ಲಿ ಕೊನೇ ಗಳಿಗೆಯಲ್ಲಿ ಗೋಲು ಬಿಟ್ಟುಕೊಟ್ಟವನು ನಾನೇ. ಅದಕ್ಕೂ ಮುಂಚೆ ಎಷ್ಟು ಚೆಂಡು ತಡೆದಿದ್ದೆ ಅಂತ ಯಾರೂ ಎಣಿಸಿಲ್ಲ, ನಾನೂ ಎಣಿಸಿಲ್ಲ. ಆವತ್ತಿನಿಂದ ನನ್ನ ಹೆಸರು 'ಲೈಟ್ ಕಂಬ' ಆಗಿದೆ. ಬಸ್ ಸ್ಟ್ಯಾಂಡಿನಲ್ಲೂ ಹಾಗೇ ಕರೆಯುತ್ತಾರೆ. ಇರಲಿ. ಕಂಬ ಅಂದವರೂ ಈ ಲೇಖನ ಓದಬೇಕೆಂದು ವಿನಂತಿ.

ಮೊದಲು ಬ್ಯಾಕ್ ಮಾಡುವ ಕೆಲಸ ಏನು ಅಂತ ಹೇಳುತ್ತೇನೆ. ನಮ್ಮಲ್ಲಿ ತೋಟ ಕಾಯುವವರಿಗೆ ಇದು ಬೇಗ ತಿಳಿಯುತ್ತದೆ. ಮಂಗ ಬಂದು ಬಾಳೆಗೊನೆ ಹಾಳು ಮಾಡಿದ ದಿನ ಕಾದವನಿಗೆ ಬೈಗುಳ. ಮಂಗ ಬಾರದ ದಿನ ಅವನನ್ನು ಯಾರೂ ಮಾತಾಡಿಸುವುದಿಲ್ಲ. ಬ್ಯಾಕ್‌ದೂ ಅದೇ ಪಾಡು. ಆತ ಚೆಂಡಿನ ಹಿಂದೆ ಓಡಬಾರದು, ಚೆಂಡಿಗೂ ಗೋಲಿಗೂ ನಡುವೆ ಇರಬೇಕು. ಒಂದು ಕಣ್ಣು ಚೆಂಡಿನ ಮೇಲೆ, ಇನ್ನೊಂದು ಕಣ್ಣು ತಾನು ಹಿಡಿಯಬೇಕಾದ ಆಟಗಾರನ ಮೇಲೆ. ಚೆಂಡು ಸಿಕ್ಕಿದರೆ ನಡು ಮೈದಾನಕ್ಕೆ ಒದೆಯದೆ ಬದಿಗೆ ಒದೆಯಬೇಕು. ನಡುವಿಗೆ ಒದ್ದರೆ ಅದು ತಿರುಗಿ ನಮ್ಮ ಮನೆಗೇ ಬರುತ್ತದೆ. ಜೊತೆಯ ಬ್ಯಾಕ್ ಮುಂದೆ ಹೋದರೆ ಅವನ ಜಾಗವನ್ನು ಇವನು ತುಂಬಬೇಕು. ಇಷ್ಟನ್ನೂ ಬಾಯಿಬಿಟ್ಟು ಕೂಗಿ ಹೇಳುತ್ತಲೂ ಇರಬೇಕು. ಸುಮ್ಮನಿರುವವನು ಒಳ್ಳೇ ಬ್ಯಾಕ್ ಆಗುವುದಿಲ್ಲ ಅಂತ ನಮ್ಮ ಪೀಟಿ ಮಾಸ್ತರು ಹೇಳುತ್ತಾರೆ. ನಾನು ಸುಮ್ಮನಿರುವವನೇ, ತಿದ್ದಿಕೊಳ್ಳುತ್ತಾ ಇದ್ದೇನೆ.

ಈಗ ಕತೆಗೆ ಬರುತ್ತೇನೆ.

ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ ಮಿಡಲ್ಸ್‌ಬ್ರೋ ಎಂಬ ಊರಿದೆ. ಉಕ್ಕಿನ ಕಾರ್ಖಾನೆಗಳಿಗೆ ಹೆಸರಾಗಿದ್ದ ಊರು. ಅಲ್ಲಿ 1988ರಲ್ಲಿ ಹುಟ್ಟಿದವನು ಜಾನ್ ಜಾನ್ಸನ್. (ನಮ್ಮ ಆಯಿ ಈ ಹೆಸರು ಕೇಳಿ "ಒಂದೇ ಹೆಸರು ಎರಡು ಸಲ ಎಂತಕ್ಕೆ?" ಅಂದಳು.) ಊರಿನ ಕ್ಲಬ್ಬಿನಲ್ಲೇ ಆಟ ಕಲಿತ. ಆದರೆ ಆ ದೊಡ್ಡ ತಂಡದಲ್ಲಿ ಕಾಯಂ ಜಾಗ ಸಿಗಲಿಲ್ಲ. ಆಮೇಲೆ ನಾರ್ಥಾಂಪ್ಟನ್ ಟೌನ್ ಎಂಬ ಕೆಳಗಿನ ದರ್ಜೆಯ ತಂಡದಲ್ಲಿ ಆಡಿದ. ಇಂಗ್ಲೆಂಡಿನಲ್ಲಿ ಮೇಲಿನಿಂದ ಕೆಳಗೆ ಒಂದರ ಕೆಳಗೊಂದು ಲೀಗ್ ಇವೆ, ಇದು ಆಗ ಆಡುತ್ತಿದ್ದುದು ನಾಲ್ಕನೇ ಮೆಟ್ಟಿಲಿನಲ್ಲಿ. ಅಲ್ಲಿ ಆಡುವವರೂ ಸಂಬಳಕ್ಕೆ ಆಡುವ ವೃತ್ತಿಪರರೇ, ಆದರೆ ಟೀವಿಯಲ್ಲಿ ನಾವು ನೋಡುವವರಲ್ಲ.

2013ರಲ್ಲಿ ಈತ ಬೆಂಗಳೂರಿಗೆ ಬಂದ. ಆ ವರ್ಷವೇ ಬೆಂಗಳೂರು ಎಫ್‌ಸಿ ಎಂಬ ಹೊಸ ತಂಡ ಹುಟ್ಟಿತು. ಕಟ್ಟಿದವರು ಜೆಎಸ್‌ಡಬ್ಲ್ಯು ಕಂಪನಿಯವರು, ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇಟ್ಟಿರುವವರು. ಉಕ್ಕಿನ ಊರಿನವನು ಉಕ್ಕಿನವರ ತಂಡಕ್ಕೇ ಬಂದ ಹಾಗಾಯಿತು. ಕೋಚ್ ಆಶ್ಲಿ ವೆಸ್ಟ್‌ವುಡ್ ಕೂಡ ಇಂಗ್ಲೆಂಡಿನವರು, ಆಡುವ ಕಾಲದಲ್ಲಿ ಅವರೂ ಬ್ಯಾಕ್ ಆಗಿದ್ದವರು.

ಇಲ್ಲಿ ಒಂದು ವಿಷಯ ಗಮನಿಸಿ. ನಮ್ಮ ದೇಶದ ಲೀಗಿನಲ್ಲಿ ಒಂದು ತಂಡ ಇಂತಿಷ್ಟೇ ವಿದೇಶಿ ಆಟಗಾರರನ್ನು ಇಟ್ಟುಕೊಳ್ಳಬೇಕೆಂಬ ನಿಯಮ ಇದೆ. ಆ ಮೊದಲ ವರ್ಷ ಬೆಂಗಳೂರಿನಲ್ಲಿ ನಾಲ್ವರಿದ್ದರು. ನಾಲ್ವರಲ್ಲಿ ಇಬ್ಬರು ಹಿಂದಿನ ಸಾಲಿನವರು: ಜಾನ್ಸನ್, ಮತ್ತೆ ಕೀನ್ಯಾ ದೇಶದ ಕರ್ಟಿಸ್ ಒಸಾನೊ. ದುಡ್ಡು ಕೊಟ್ಟು ಹೊರಗಿಂದ ತರುವುದಾದರೆ ಗೋಲು ಹೊಡೆಯುವವರನ್ನೇ ತರುವ ಅಂತ ಯಾರಿಗಾದರೂ ಅನ್ನಿಸುತ್ತದೆ. ಇವರು ಅರ್ಧಕ್ಕರ್ಧ ಬ್ಯಾಕ್‌ಗಳನ್ನು ತಂದರು. ಮನೆ ಕಟ್ಟುವಾಗ ಮಾಡಿನ ಹೆಂಚಿಗಿಂತ ಮುಂಚೆ ಪಾಯದ ಚಿರೆಕಲ್ಲಿಗೆ ಖರ್ಚು ಮಾಡಿದ ಹಾಗೆ. ಹುಟ್ಟಿದ ಮೊದಲ ವರ್ಷವೇ, 2014ರ ಏಪ್ರಿಲ್‌ನಲ್ಲಿ, ಆ ತಂಡ ಐ-ಲೀಗ್ ಗೆದ್ದಿತು. ಮುಂದಿನ ವರ್ಷದ ಮೊದಲಿಗೆ ಫೆಡರೇಶನ್ ಕಪ್ಪನ್ನೂ ಗೆದ್ದಿತು.

ಈಗ ನಾನು ಹೇಳಬೇಕೆಂದಿದ್ದ ದಿನಕ್ಕೆ ಬಂದೆ. 2015ರ ಮೇ 31. ಜಾಗ, ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಐ-ಲೀಗಿನ ಕೊನೇ ಪಂದ್ಯ, ಎದುರಾಳಿ ಕೊಲ್ಕತ್ತದ ಮೋಹನ್ ಬಾಗಾನ್. ಲೆಕ್ಕ ಹೀಗಿತ್ತು: ಮೋಹನ್ ಬಾಗಾನ್ 38 ಅಂಕ, ಬೆಂಗಳೂರು 36. ಗೆದ್ದರೆ ಮೂರು ಅಂಕ, ಸಮ ಆದರೆ ಒಂದು. ಅಂದರೆ ಬೆಂಗಳೂರು ಗೆದ್ದರೆ 39 ಆಗಿ ಕಪ್ಪು ಇಲ್ಲೇ ಉಳಿಯುತ್ತದೆ. ಸಮ ಆದರೆ ಅವರು 39, ನಾವು 37, ಕಪ್ಪು ರೈಲು ಹತ್ತುತ್ತದೆ. ಆಗ ನಾನು ಸಣ್ಣವನು, ನನಗೆ ಏನೂ ನೆನಪಿಲ್ಲ. ಬೆಂಗಳೂರಿನಲ್ಲಿರುವ ನಮ್ಮ ಅಪ್ಪಚ್ಚಿ ಆವತ್ತು ಗ್ಯಾಲರಿಯಲ್ಲಿ ಇದ್ದರು. ಮನೆಗೆ ಬಂದಾಗಲೆಲ್ಲ ನಾನು ಅದನ್ನೇ ಕೇಳುತ್ತೇನೆ, ಅವರಿಗೂ ಹೇಳಿ ಬೇಜಾರಿಲ್ಲ.

41ನೇ ನಿಮಿಷದಲ್ಲಿ ಗೋಲು ಆಯಿತು. ಹೊಡೆದವನು ಯಾರು? ಛೆಟ್ರಿ ಅಲ್ಲ. ಬ್ಯಾಕ್ ಜಾನ್ಸನ್! "ಅಷ್ಟೊತ್ತಿಗೆ ಕಪ್ಪು ನಮ್ದೇ ಆಗೋಗಿತ್ತು ಮಾರಾಯ" ಅಂತಾರೆ ಅಪ್ಪಚ್ಚಿ. ಇನ್ನು ಮಾಡಬೇಕಾದ್ದು ಜಾನ್ಸನ್‌ನ ನಿಜವಾದ ಕೆಲಸ, ಅಂದರೆ ಕಾಯುವುದು. ಕಾದರು. ಐವತ್ತು ಆಯಿತು, ಅರವತ್ತು ಆಯಿತು, ಎಪ್ಪತ್ತು, ಎಂಬತ್ತು. 87ನೇ ನಿಮಿಷಕ್ಕೆ ಬಾಗಾನ್‌ಗೆ ಒಂದು ಕಾರ್ನರ್ ಸಿಕ್ಕಿತು. ಮೂಲೆಯಿಂದ ಬಂದ ಚೆಂಡಿಗೆ ಬೆಲ್ಲೊ ರಜಾಕ್ ಎಂಬ ನೈಜೀರಿಯಾದವನು ತಲೆ ಕೊಟ್ಟ. ಗೋಲು. 1–1. ಅಲ್ಲಿಗೆ ಮುಗಿಯಿತು. ಮೋಹನ್ ಬಾಗಾನ್ 13 ವರ್ಷದ ಮೇಲೆ ದೇಶದ ಲೀಗ್ ಗೆದ್ದಿತು.

ಬೆಲ್ಲೊ ರಜಾಕ್ ಯಾವ ಜಾಗದ ಆಟಗಾರ ಅಂತ ಗೊತ್ತಾ? ಅವನೂ ಬ್ಯಾಕ್. ಇಡೀ ದೇಶದ ಲೀಗ್ ತೀರ್ಮಾನವಾದ ಆ ಪಂದ್ಯದ ಎರಡೂ ಗೋಲು ಬ್ಯಾಕ್‌ಗಳದ್ದೇ. ಇದು ನನಗೆ ಗೊತ್ತಾದ ದಿನ ಊಟ ಮಾಡುವುದನ್ನೂ ಬಿಟ್ಟು ಯೋಚನೆ ಮಾಡಿದ್ದೆ. ಮೂರು ನಿಮಿಷ ಕಾದಿದ್ದರೆ ಜಾನ್ಸನ್‌ನ ಒಂದು ಗೋಲಿನಿಂದ ಕಪ್ಪು. ಮೂರು ನಿಮಿಷ ಅಂದರೆ ನಮ್ಮ ಪ್ರಾರ್ಥನೆ ಮುಗಿಯುವಷ್ಟೂ ಹೊತ್ತಲ್ಲ.

ಬ್ಯಾಕ್‌ಗಳು ಗೋಲು ಹೊಡೆಯಲು ಯಾಕೆ ಹೋಗುತ್ತಾರೆ ಅಂತ ಕೆಲವರು ಕೇಳಬಹುದು. ಅವರು ಸಾಮಾನ್ಯವಾಗಿ ಎತ್ತರದವರು, ತಲೆಯಿಂದ ಚೆಂಡು ಹೊಡೆಯುವುದೇ ಅವರ ದಿನನಿತ್ಯದ ಕೆಲಸ. ಹಾಗಾಗಿ ಕಾರ್ನರ್ ಸಿಕ್ಕಾಗ ಅವರನ್ನು ಮುಂದೆ ಕಳಿಸುತ್ತಾರೆ. ಇದರಲ್ಲಿ ಅಪಾಯವೂ ಇದೆ, ಚೆಂಡು ಎದುರಿನವರಿಗೆ ಸಿಕ್ಕರೆ ಹಿಂದೆ ಮನೆ ಖಾಲಿ. 2016ರ ಅಕ್ಟೋಬರ್‌ನಲ್ಲಿ ಎಎಫ್‌ಸಿ ಕಪ್ಪಿನ ಸೆಮಿಫೈನಲ್‌ನಲ್ಲಿ ಬೆಂಗಳೂರು ಮಲೇಷ್ಯಾದ ಜೊಹೊರ್ ತಂಡವನ್ನು 3–1ರಿಂದ ಸೋಲಿಸಿದಾಗ ಎರಡು ಗೋಲು ಛೆಟ್ರಿಯದು, ಮೂರನೆಯದು ಸ್ಪೇನಿನ ಬ್ಯಾಕ್ ಹುವಾನನ್‌ನದು. ಹಾಗೇ 2018ರ ಮಾರ್ಚ್‌ನಲ್ಲಿ ಇದೇ ಕಂಠೀರವದಲ್ಲಿ ಐಎಸ್‌ಎಲ್ ಫೈನಲ್ ನಡೆದಾಗ ಚೆನ್ನೈನವರು 3–2ರಿಂದ ಗೆದ್ದರಲ್ಲ, ಅವರ ಮೊದಲ ಎರಡು ಗೋಲು ಹೊಡೆದವನು ಮೈಲ್ಸನ್ ಎಂಬ ಬ್ರೆಜಿಲಿನ ಬ್ಯಾಕ್. ಪಾಪ, ಬೆಂಗಳೂರಿಗೆ ಬ್ಯಾಕ್‌ಗಳಿಂದ ಲಾಭವೂ ನಷ್ಟವೂ ಎರಡೂ ಆಗಿದೆ.

ಬ್ಯಾಕ್ ಬಗ್ಗೆ ಬರೆದು ಇಟಲಿಯ ಹೆಸರು ಹೇಳದಿದ್ದರೆ ತಪ್ಪಾಗುತ್ತದೆ. ಹಿಂದೆ ಕಾಯುವುದನ್ನೇ ಒಂದು ವಿದ್ಯೆ ಮಾಡಿದವರು ಅವರು. ಅವರ ಹಳೇ ಪದ್ಧತಿಗೆ 'ಕತೆನಾಚೊ' ಅಂತ ಹೆಸರು. ಅರ್ಥ ಏನೆಂದರೆ ಬಾಗಿಲಿನ ಅಗಳಿ! ನಮ್ಮ ಹಳೇ ಮನೆಗಳ ಬಾಗಿಲಿಗೆ ಒಳಗಿನಿಂದ ಅಡ್ಡ ಹಾಕುತ್ತಾರಲ್ಲ, ಅದೇ. ಎದುರಿನವರ ಒಬ್ಬೊಬ್ಬ ಆಟಗಾರನಿಗೂ ಒಬ್ಬೊಬ್ಬ ಬ್ಯಾಕ್, ಅವರೆಲ್ಲರ ಹಿಂದೆ ಯಾರನ್ನೂ ಹಿಡಿಯದೆ ಬಿಡುವಾಗಿ ನಿಲ್ಲುವವನು ಇನ್ನೊಬ್ಬ. ಮುಂದಿನವರನ್ನು ತಪ್ಪಿಸಿ ಬಂದ ಚೆಂಡು ಇವನಿಗೆ. ಇದರ ಬೇರು ಸ್ವಿಟ್ಜರ್ಲೆಂಡಿನಲ್ಲಿದೆ, ಬೆಳೆದದ್ದು ಇಟಲಿಯಲ್ಲಿ. ಮಿಲಾನ್ ನಗರದ ಇಂಟರ್ ತಂಡ ಇದರಿಂದಲೇ 1964 ಮತ್ತು 1965ರಲ್ಲಿ ಯುರೋಪಿಯನ್ ಕಪ್ ಗೆದ್ದಿತು. ನೋಡುವವರಿಗೆ ಬೇಜಾರಿನ ಆಟ ಅಂತ ಬೈದವರೂ ಬಹಳ.

ಅದೇ ನಗರದ ಇನ್ನೊಂದು ತಂಡ ಎಸಿ ಮಿಲಾನ್. ಅಲ್ಲಿ ಫ್ರಾಂಕೊ ಬರೇಸಿ ಇದ್ದ. 1960ರಲ್ಲಿ ಹಳ್ಳಿ ಕಡೆ ಹುಟ್ಟಿದವನು, ಹದಿಹರೆಯದಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡವನು. ಇಂಟರ್‌ನವರು ಇವನ ಅಣ್ಣನನ್ನು ತೆಗೆದುಕೊಂಡು ಇವನನ್ನು ಬೇಡ ಅಂದರು. ಎತ್ತರವೂ ಅಷ್ಟಕ್ಕಷ್ಟೆ. 1978ರಲ್ಲಿ ಮಿಲಾನ್ ಪರ ಆಡಲು ಶುರು ಮಾಡಿ 1997ರವರೆಗೆ ಬೇರೆ ತಂಡದ ಅಂಗಿ ಹಾಕಲಿಲ್ಲ. ನಡುವೆ ಎರಡು ಸಲ ತಂಡ ಕೆಳಗಿನ ದರ್ಜೆಗೆ ಬಿತ್ತು, ಆಗಲೂ ಬಿಟ್ಟು ಹೋಗಲಿಲ್ಲ. ಆತ ನಿವೃತ್ತನಾದ ಮೇಲೆ ಅವನ 6ನೇ ನಂಬರಿನ ಅಂಗಿಯನ್ನು ಯಾರಿಗೂ ಕೊಟ್ಟಿಲ್ಲ.

ಬರೇಸಿಯ ಮಿಲಾನ್ ಅಗಳಿ ಪದ್ಧತಿ ಬಿಟ್ಟು ಆಫ್‌ಸೈಡ್ ನಿಯಮವನ್ನು ಹಿಡಿದುಕೊಂಡಿತು. ನಮ್ಮಲ್ಲಿ ಈ ನಿಯಮದ ಬಗ್ಗೆ ದಿನಾ ಜಗಳ ಆಗುವುದರಿಂದ ಬರೆಯುತ್ತೇನೆ. ಒಬ್ಬ ಆಟಗಾರ ಎದುರಾಳಿಯ ಅರ್ಧದಲ್ಲಿ ಚೆಂಡಿಗಿಂತ ಮುಂದೆ ನಿಂತಿದ್ದರೆ, ಅವನಿಗೆ ಚೆಂಡು ಒದೆಯುವ ಕ್ಷಣದಲ್ಲಿ ಅವನಿಗೂ ಗೋಲಿನ ಗೆರೆಗೂ ನಡುವೆ ಎದುರಾಳಿಗಳು ಕೀಪರ್ ಸೇರಿ ಇಬ್ಬರಾದರೂ ಇರಬೇಕು. ಸಮಸಮ ನಿಂತಿದ್ದರೆ ತಪ್ಪಲ್ಲ. ಚೆಂಡು ಬಂದು ತಲುಪುವ ಹೊತ್ತಿನದ್ದಲ್ಲ, ಒದೆಯುವ ಹೊತ್ತಿನ ಲೆಕ್ಕ. (ಏಳನೇ ತರಗತಿಯವರು ಇದನ್ನು ಎರಡು ಸಲ ಓದಿ.) ಬರೇಸಿ ಕೈ ಎತ್ತಿದ ಕೂಡಲೇ ಹಿಂದಿನ ಸಾಲಿನ ನಾಲ್ವರೂ ಒಂದೇ ಹೆಜ್ಜೆಯಲ್ಲಿ ಮುಂದೆ ಬರುತ್ತಿದ್ದರು. ಗೋಲಿನ ಹತ್ತಿರ ಹೊಂಚು ಹಾಕಿದವನು ಆಫ್‌ಸೈಡಿನಲ್ಲಿ ಸಿಕ್ಕಿ ಬೀಳುತ್ತಿದ್ದ. ಭಾಗವತರ ಜಾಗಟೆಗೆ ಎಲ್ಲರ ಹೆಜ್ಜೆ ಒಟ್ಟಿಗೇ ಬೀಳುವಂತೆ. ಒಬ್ಬ ತಡ ಮಾಡಿದರೂ ಕೆಟ್ಟಿತು.

1994ರ ವಿಶ್ವಕಪ್ಪಿನಲ್ಲಿ ಇಟಲಿಯ ಎರಡನೇ ಪಂದ್ಯದಲ್ಲೇ ಅವನ ಮಂಡಿಗೆ ಪೆಟ್ಟಾಗಿ ಆಪರೇಶನ್ ಆಯಿತು. 24 ದಿನಗಳ ಮೇಲೆ ಫೈನಲ್‌ನಲ್ಲಿ ಬ್ರೆಜಿಲ್ ವಿರುದ್ಧ ಬಂದು ಎರಡು ತಾಸು ಆಡಿದ. ಬ್ರೆಜಿಲ್ ಒಂದೂ ಗೋಲು ಹೊಡೆಯಲಿಲ್ಲ. ಇಟಲಿಯೂ ಹೊಡೆಯಲಿಲ್ಲ. ಕೊನೆಗೆ ಪೆನಾಲ್ಟಿಯಲ್ಲಿ ಬರೇಸಿಯೇ ಮೊದಲು ಹೋಗಿ ಚೆಂಡನ್ನು ಕಂಬದ ಮೇಲಿಂದ ಆಚೆ ಒದ್ದ. ಅತ್ತ. ಇಟಲಿ ಸೋತಿತು. ಜನ ಕೊನೇ ಪೆನಾಲ್ಟಿ ತಪ್ಪಿಸಿದ ಬಾಜಿಯೊನನ್ನು ನೆನಪಿಟ್ಟುಕೊಂಡರು, ಬರೇಸಿ ಆ ಎರಡು ತಾಸು ಮಾಡಿದ ಕೆಲಸ ಬ್ಯಾಕ್ ಆಡುವವರಿಗೆ ಮಾತ್ರ ನೆನಪು.

ಜಾನ್ಸನ್‌ನದು ಬರೇಸಿಯ ಎತ್ತರದ ಕತೆ ಅಲ್ಲ. ಆದರೆ ಆವತ್ತು ಸೋತ ಮೇಲೆ ಅವನು ಏನು ಮಾಡಿದ ಅನ್ನುವುದೇ ನನಗೆ ಬೇಕಾದ ಭಾಗ. ಬೆಂಗಳೂರು ಬಿಡಲಿಲ್ಲ. ಮುಂದಿನ ಹಂಗಾಮಿನಲ್ಲೂ ಅದೇ ಜಾಗದಲ್ಲಿ ನಿಂತ. 2016ರ ಏಪ್ರಿಲ್‌ನಲ್ಲಿ ಐ-ಲೀಗ್ ಕಪ್ಪು ತಿರುಗಿ ಬೆಂಗಳೂರಿಗೆ ಬಂತು. ಅದೇ ವರ್ಷ ನವೆಂಬರ್‌ನಲ್ಲಿ ತಂಡ ಎಎಫ್‌ಸಿ ಕಪ್ಪಿನ ಫೈನಲ್ ತಲುಪಿತು. ಭಾರತದ ಕ್ಲಬ್ಬೊಂದು ಅಲ್ಲಿವರೆಗೆ ಹೋದದ್ದು ಅದೇ ಮೊದಲು. ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡದ ಎದುರು 1–0ಯಿಂದ ಸೋತರು. 2017ರಲ್ಲಿ ಫೆಡರೇಶನ್ ಕಪ್, 2018ರಲ್ಲಿ ಸೂಪರ್ ಕಪ್ ಗೆದ್ದರು. ಐದು ಹಂಗಾಮು ಮುಗಿಸಿ 2018ರಲ್ಲಿ ಜಾನ್ಸನ್ ಎಟಿಕೆ ತಂಡಕ್ಕೆ ಹೋದ. ಅದು ಯಾವ ಊರಿನ ತಂಡ ಅಂತೀರಿ? ಕೊಲ್ಕತ್ತದ್ದೇ!

ಬೆಲ್ಲೊನ ಆ ಗೋಲನ್ನು ನಾನು ಅಪ್ಪಯ್ಯನ ಮೊಬೈಲಿನಲ್ಲಿ ಅದೆಷ್ಟು ಸಲ ನೋಡಿದ್ದೇನೋ. ನನ್ನ ಗೋಲಿನ ವಿಡಿಯೋ ಇಲ್ಲ, ಅದು ಪುಣ್ಯ. ಆದರೆ ನನಗೆ ನೆನಪಿದೆ. ನಾನು ಚೆಂಡನ್ನೇ ನೋಡುತ್ತಾ ನಿಂತಿದ್ದೆ, ಹಿಂದಿನಿಂದ ಬಂದವನನ್ನು ನೋಡಲಿಲ್ಲ. ಓಡಲಿಲ್ಲ ಅಂತ ನೀವು ಬೈದದ್ದು ತಪ್ಪು, ಓಡಿದ್ದೆ, ತಿರುಗಿ ನೋಡದೆ ಓಡಿದ್ದೆ.

ಬರುವ ಶನಿವಾರ ಮಳೆ ಬಿಟ್ಟರೆ ಮೇಲಿನ ಮೈದಾನದಲ್ಲಿ ಮತ್ತೆ ಮ್ಯಾಚ್ ಇದೆ. ಅದೇ ಪಕ್ಕದೂರಿನವರು ಬರುತ್ತಾರೆ. ಪೀಟಿ ಮಾಸ್ತರು ನನ್ನನ್ನು ಹಿಂದೆಯೇ ನಿಲ್ಲಿಸಿದ್ದಾರೆ. ನೋಡಲು ಬರುವವರಲ್ಲಿ ಒಂದು ಬೇಡಿಕೆ: ನನ್ನ ಬೆನ್ನ ಹಿಂದೆ ಯಾರಾದರೂ ಬಂದರೆ 'ಕಂಬ' ಅಂತಲೇ ಕೂಗಿ. ನಾನು ತಿರುಗಿ ನೋಡುತ್ತೇನೆ.

— 9ನೇ ತರಗತಿಯ ಒಬ್ಬ ಬ್ಯಾಕ್