ಎಂಟು ವಾಟ್‌ಗೆ ಒಪ್ಪುವ ಸ್ಪೀಕರ್

1930ರ ದಶಕದಲ್ಲಿ ಅಮೆರಿಕದ ಚಿಕ್ಕ ಚಿತ್ರಮಂದಿರಗಳಿಗೆಂದು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ '91' ಎಂಬ ಹೆಸರಿನ ಆಂಪ್ಲಿಫೈಯರ್ ತಯಾರಿಸಿತ್ತು. ಅದರ ಶಕ್ತಿ ಸುಮಾರು 8 ವಾಟ್, ಅಷ್ಟೇ. ಪರದೆಯ ಹಿಂದೆ ನಿಂತ ದೊಡ್ಡ ಹಾರ್ನ್‌ಗಳ ಮೂಲಕ ಆ 8 ವಾಟ್ ಮಾತು, ಹಾಡು, ಗುಂಡಿನ ಸದ್ದು ಎಲ್ಲವನ್ನೂ ಕೊನೆಯ ಸಾಲಿನ ಪ್ರೇಕ್ಷಕನವರೆಗೆ ಮುಟ್ಟಿಸುತ್ತಿತ್ತು. ಅದೇ ವಂಶದ 300ಬಿ ವಾಲ್ವ್ (ಗಾಜಿನ ನಿರ್ವಾತ ನಳಿಕೆ) ಹಾಕಿದ, ಅಷ್ಟೇ ಶಕ್ತಿಯ ಆಂಪ್ಲಿಫೈಯರ್‌ಗಳು ಇವತ್ತಿಗೂ ಹೊಸದಾಗಿ ತಯಾರಾಗುತ್ತಿವೆ. ದುಬಾರಿ ಬೆಲೆ ಕೊಟ್ಟು ಅಂಥದ್ದೊಂದನ್ನು ಮನೆಗೆ ತಂದು, ಕಪಾಟಿನ ಮೇಲೆ ಕೂರುವ ಈಗಿನ ಪುಟ್ಟ ಸ್ಪೀಕರ್‌ಗೆ ಜೋಡಿಸಿದರೆ ಏನಾಗುತ್ತದೆ? ಮೆಲ್ಲಗೆ ಹಾಡುವಾಗ ಚೆಂದ. ತನಿ ಆವರ್ತನ ಶುರುವಾದ ಕೂಡಲೇ ಮೃದಂಗದ ಪೆಟ್ಟು ಮೊಂಡಾಗುತ್ತದೆ, ವಾಲ್ಯೂಮ್ ಏರಿಸಿದಷ್ಟೂ ಗದ್ದಲ ಹೆಚ್ಚುತ್ತದೆಯೇ ಹೊರತು ಸಂಗೀತ ಬೆಳೆಯುವುದಿಲ್ಲ. ಸಭಾಂಗಣ ತುಂಬಿಸಿದ ಶಕ್ತಿಗೆ ಒಂದು ನಡುಮನೆ ತುಂಬಿಸಲು ಆಗುವುದಿಲ್ಲ.

ದೋಷ ಆಂಪ್ಲಿಫೈಯರ್‌ನದಲ್ಲ. ವಾಲ್ವ್ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಒಂದೇ ಕಾಲದಲ್ಲಿ, ಒಂದನ್ನೊಂದು ನೋಡಿಕೊಂಡು ರೂಪುಗೊಂಡವು. ಆಮೇಲೆ ಸ್ಪೀಕರ್ ಬೇರೆ ದಾರಿ ಹಿಡಿಯಿತು. ವಾಲ್ವ್ ಕೊಳ್ಳುವವರು ಈ ಅಗಲಿಕೆಯ ಕಥೆಯನ್ನು ಅರಿತರೆ ಆಯ್ಕೆಯ ಮುಕ್ಕಾಲು ಪಾಲು ಗೊಂದಲ ಕಳೆಯುತ್ತದೆ.

ಕಾಯಿಲ್ ಮತ್ತು ಕೋನ್ ಇರುವ ಇಂದಿನ ಬಗೆಯ ಸ್ಪೀಕರನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಪ್ರಕಟಪಡಿಸಿದರು. ಆಗ ವಿದ್ಯುತ್ ಶಕ್ತಿ ದುಬಾರಿ. 1933ರ 2ಎ3 ವಾಲ್ವ್ ಒಂದರಿಂದ ಸಿಗುತ್ತಿದ್ದುದು ಸುಮಾರು ಮೂರೂವರೆ ವಾಟ್. ಹಾಗಾಗಿ ಸ್ಪೀಕರ್ ತಯಾರಕರು ಪ್ರತಿ ವಾಟ್‌ನಿಂದಲೂ ಆದಷ್ಟು ಸದ್ದು ಹಿಂಡಲು ಹೆಣಗಿದರು: ಹಗುರ ಕೋನ್, ಭಾರಿ ಆಯಸ್ಕಾಂತ, ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಅಥವಾ ಹಾರ್ನ್. ಪಾಲ್ ಕ್ಲಿಪ್ಷ್ ಅರ್ಕನ್ಸಾದ ಹೋಪ್ ಊರಿನಲ್ಲಿ 1946ರಲ್ಲಿ ಕಂಪನಿ ಕಟ್ಟಿ ಮಾರಿದ ಕ್ಲಿಪ್ಷ್‌ಹಾರ್ನ್ ಈ ಹಾದಿಯ ತುತ್ತತುದಿ. ಅದನ್ನು ಕೋಣೆಯ ಮೂಲೆಯಲ್ಲೇ ಇಡಬೇಕು. ಎರಡು ಗೋಡೆಗಳೇ ಹಾರ್ನ್‌ನ ಬಾಯಿಯ ಮುಂದುವರಿಕೆಯಾಗುತ್ತವೆ.

1954ರಲ್ಲಿ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಮ್ಯಾಸಚೂಸೆಟ್ಸ್‌ನಲ್ಲಿ ಎಆರ್-1 ಎಂಬ ಸ್ಪೀಕರ್ ತಂದರು. ಗಾಳಿಯಾಡದಂತೆ ಮುಚ್ಚಿದ ಪುಟ್ಟ ಪೆಟ್ಟಿಗೆ. ಒಳಗೆ ಸೆರೆಯಾದ ಗಾಳಿಯೇ ಕೋನ್‌ಗೆ ಸ್ಪ್ರಿಂಗ್. ಪೆಟ್ಟಿಗೆ ಕಪಾಟಿನಲ್ಲಿ ಕೂರುವಷ್ಟಿದ್ದರೂ ಹೊರಡುವ ಮಂದ್ರ ಮಾತ್ರ ಬೀರು ಗಾತ್ರದ ಸ್ಪೀಕರ್‌ಗಳನ್ನು ನಾಚಿಸುವಂಥದ್ದು. ಬದಲಿಗೆ ಅದು ಬೇಡಿದ್ದು ವಾಟ್‌ಗಳನ್ನು. ಟ್ರಾನ್ಸಿಸ್ಟರ್ ಬಂದು ವಾಟ್ ಅಗ್ಗವಾದ ಮೇಲೆ ಈ ಬೇಡಿಕೆ ಯಾರಿಗೂ ಹೊರೆಯೆನಿಸಲಿಲ್ಲ, ಮನೆಯ ಸ್ಪೀಕರ್‌ಗಳಲ್ಲಿ ಬಹುಪಾಲು ಆ ದಾರಿ ಹಿಡಿದವು.

ಈ ಕೊಡು-ಕೊಳ್ಳುವಿಕೆಗೆ ಒಂದು ಗಟ್ಟಿ ನಿಯಮವೇ ಇದೆ. ಕ್ಲಾಸ್ ಅವರ ಮುಂದಿನ ಕಂಪನಿ ಕೆಎಲ್‌ಎಚ್‌ನಲ್ಲಿ 'ಎಚ್' ಅಕ್ಷರಕ್ಕೆ ಕಾರಣರಾದ ಆಂಟನ್ ಹಾಫ್‌ಮನ್ ಹೆಸರಿನಲ್ಲಿ ಅದು ಪ್ರಸಿದ್ಧ. ಪುಟ್ಟ ಪೆಟ್ಟಿಗೆ, ಆಳವಾದ ಮಂದ್ರ, ಕಡಿಮೆ ವಾಟ್‌ಗೆ ಜೋರು ಸದ್ದು, ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು. ಲೆಕ್ಕ ಕಟುವಾಗಿದೆ. 60 ಹರ್ಟ್ಸ್‌ವರೆಗೆ ಇಳಿಯುವ ಸ್ಪೀಕರನ್ನು, ಸದ್ದಿನ ದಕ್ಷತೆ ಕುಂದದಂತೆ 30 ಹರ್ಟ್ಸ್‌ಗೆ ಇಳಿಸಬೇಕೆಂದರೆ ಪೆಟ್ಟಿಗೆಯನ್ನು ಎಂಟು ಪಟ್ಟು ದೊಡ್ಡದು ಮಾಡಬೇಕು.

ಇಲ್ಲಿ ನಮ್ಮ ಸಂಗೀತ ಕೇಳುವವರಿಗೆ ಒಂದು ಅನುಕೂಲವಿದೆ, ಅದನ್ನು ಸ್ಪೀಕರ್ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಒಂದನೇ ಮನೆಯ ಶ್ರುತಿಯಲ್ಲಿ, ಅಂದರೆ ಪಾಶ್ಚಾತ್ಯರ ಸಿ ಸ್ವರದಲ್ಲಿ ಹಾಡುವ ಗಾಯಕರ ಮಧ್ಯ ಷಡ್ಜ ಸುಮಾರು 131 ಹರ್ಟ್ಸ್. ತಂಬೂರಿಯ ಮಂದ್ರ ಷಡ್ಜದ ತಂತಿ ಸುಮಾರು 65 ಹರ್ಟ್ಸ್. ಕರ್ನಾಟಕ ಅಥವಾ ಹಿಂದೂಸ್ತಾನಿ ಗಾಯನ ಕಛೇರಿಯಲ್ಲಿ ಅದಕ್ಕಿಂತ ಕೆಳಗೆ ನಡೆಯುವ ವ್ಯವಹಾರ ಬಹಳ ಕಡಿಮೆ. ಪೈಪ್ ಆರ್ಗನ್, ಸಿಂಫನಿಯ ದೊಡ್ಡ ಡ್ರಮ್ಮು, ಈಗಿನ ಸಿನಿಮಾ ಹಾಡಿನ ಎಲೆಕ್ಟ್ರಾನಿಕ್ ಬಾಸ್ ಇವುಗಳಿಗೆ 30 ಹರ್ಟ್ಸ್ ಬೇಕು. ಗಾಯಕ ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಿಕೆಗೆ ಬೇಡ. ಹಾಗಿರುವಾಗ ಆಳದ ಮಂದ್ರವನ್ನು ಬಿಟ್ಟುಕೊಟ್ಟು ದಕ್ಷತೆಯನ್ನು ಕೊಳ್ಳುವುದು ಶಾಸ್ತ್ರೀಯ ಸಂಗೀತದ ಕೇಳುಗರಿಗೆ ಲಾಭದ ವ್ಯಾಪಾರ. ಮೂರು ವಾಟ್‌ನ ವಾಲ್ವ್ ಆಂಪ್ಲಿಫೈಯರ್‌ನಲ್ಲೂ ಇವರು ಸುಖವಾಗಿರಬಲ್ಲರು.

ದಕ್ಷತೆಯನ್ನು ಸೂಚಿಸುವ ಅಂಕಿ 'ಸೆನ್ಸಿಟಿವಿಟಿ' ಎಂಬ ಹೆಸರಿನಲ್ಲಿ ಸ್ಪೀಕರ್‌ನ ವಿವರಪಟ್ಟಿಯಲ್ಲೇ ಇರುತ್ತದೆ. 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಎಂಬುದು ಅದರ ಅರ್ಥ. ಸದ್ದು 3 ಡೆಸಿಬೆಲ್ ಏರಬೇಕಾದರೆ ವಾಟ್ ಎರಡು ಪಟ್ಟಾಗಬೇಕು, 10 ಡೆಸಿಬೆಲ್ ಏರಬೇಕಾದರೆ ಹತ್ತು ಪಟ್ಟು. ಸಂಗೀತದ ಸರಾಸರಿ ಮಟ್ಟಕ್ಕೆ ಅರ್ಧ ವಾಟ್ ಕೂಡ ಬೇಕಾಗದಿರಬಹುದು. ಶಕ್ತಿ ಬೇಕಾಗುವುದು ಮೃದಂಗದ ಪೆಟ್ಟಿನಂಥ ಕ್ಷಣಿಕ ಶಿಖರಗಳಿಗೆ. ಮೂರು ಮೀಟರ್ ದೂರದಲ್ಲಿ ಕೂತವರಿಗೆ ಅಂಥ ಶಿಖರ 95 ಡೆಸಿಬೆಲ್ ಮುಟ್ಟಬೇಕು ಎಂದುಕೊಳ್ಳೋಣ. ಎರಡು ಸ್ಪೀಕರ್ ಸೇರಿ, ಗೋಡೆಗಳು ಮರಳಿಸುವ ಸದ್ದೂ ಕೂಡಿ, ದೂರದಿಂದಾಗುವ ನಷ್ಟ ಸುಮಾರು 4 ಡೆಸಿಬೆಲ್ ಎಂದು ಹಿಡಿದರೆ, 86 ಡೆಸಿಬೆಲ್‌ನ ಸ್ಪೀಕರ್‌ಗೆ ತಲಾ 20 ವಾಟ್ ಬೇಕು. 90 ಡೆಸಿಬೆಲ್‌ನದಕ್ಕೆ 8 ವಾಟ್ ಸರಿಸಮ. 96 ಡೆಸಿಬೆಲ್‌ನದಕ್ಕೆ ಎರಡೇ ವಾಟ್.

ಅಂದರೆ 300ಬಿ ಬಯಸುವವರು 92ಕ್ಕಿಂತ ಕಡಿಮೆ ಇರುವ ಸ್ಪೀಕರನ್ನು ನೋಡದಿರುವುದೇ ಒಳ್ಳೆಯದು. 2ಎ3ಗೆ 95 ದಾಟಿರಬೇಕು. ಎರಡು ಇಎಲ್34 ವಾಲ್ವ್‌ಗಳು ಜೋಡಿಯಾಗಿ ದುಡಿಯುವ, ಸುಮಾರು 35 ವಾಟ್‌ನ ಪುಶ್-ಪುಲ್ ಆಂಪ್ಲಿಫೈಯರ್ ಆದರೆ 87ರ ಸ್ಪೀಕರೂ ನಡೆದೀತು.

ಒಂದು ಬಲೆಯಿದೆ. ಅನೇಕ ತಯಾರಕರು 1 ವಾಟ್ ಎನ್ನದೆ 2.83 ವೋಲ್ಟ್ ಕೊಟ್ಟು ಅಳೆಯುತ್ತಾರೆ. 8 ಓಮ್ ಸ್ಪೀಕರ್‌ನಲ್ಲಿ ಅದು ಸರಿಯಾಗಿ 1 ವಾಟ್. 4 ಓಮ್‌ನದರಲ್ಲಿ 2 ವಾಟ್. ಹೀಗಾಗಿ 4 ಓಮ್ ಸ್ಪೀಕರ್‌ನ ಮೇಲೆ 90 ಎಂದಿದ್ದರೆ ವಾಲ್ವ್ ಕೊಳ್ಳುವವರು ಅದನ್ನು 87 ಎಂದೇ ಓದಬೇಕು.

ಸೆನ್ಸಿಟಿವಿಟಿ ನೋಡಿ ಕೊಳ್ಳುವವರು ಈಗ ಹೆಚ್ಚಿದ್ದಾರೆ, ಸಂತೋಷ. ಆದರೆ ಜೋಡಿ ಕೂಡುತ್ತದೋ ಕೆಡುತ್ತದೋ ಎಂಬುದು ನಿಜವಾಗಿ ತೀರ್ಮಾನವಾಗುವುದು ಇನ್ನೊಂದು ಅಂಕಿಯಿಂದ. ಅದು ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆ, ಇಂಪೀಡೆನ್ಸ್. ಹಿಂಬದಿಯಲ್ಲಿ '8 ಓಮ್' ಎಂದು ಅಚ್ಚಾಗಿರುವುದು ಒಂದು ಅಂದಾಜು ಮಾತ್ರ. ಸ್ವರ ಬದಲಾದಂತೆ ಈ ತಡೆಯೂ ಬದಲಾಗುತ್ತದೆ. ಮಂದ್ರದಲ್ಲಿ ಒಂದು ಕಡೆ 40 ಓಮ್‌ಗೆ ಏರಿ, ಇನ್ನೊಂದು ಕಡೆ 4 ಓಮ್‌ಗೆ ಇಳಿಯುವ '8 ಓಮ್' ಸ್ಪೀಕರ್‌ಗಳು ಅಪರೂಪವೇನಲ್ಲ. ಎಷ್ಟೇ ಇಳಿದರೂ ಅಚ್ಚಾದ ಅಂಕಿಯ ಶೇ. 80ಕ್ಕಿಂತ ಕೆಳಗೆ ಹೋಗಬಾರದೆಂದು ಅಂತರರಾಷ್ಟ್ರೀಯ ಮಾನಕ ಹೇಳುತ್ತದೆ. ಅದನ್ನು ಎಲ್ಲರೂ ಪಾಲಿಸುವುದಿಲ್ಲ.

ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗೆ ಈ ಏರಿಳಿತ ಲೆಕ್ಕಕ್ಕೇ ಬರುವುದಿಲ್ಲ. ಅದರ ಒಳಗಿನ ತಡೆ ಓಮ್‌ನ ಸಣ್ಣದೊಂದು ಭಾಗ. ವಾಲ್ವ್‌ನ ಕಥೆ ಬೇರೆ. ವಾಲ್ವ್‌ಗೆ ಒಪ್ಪುವ ಹೊರೆ ಸಾವಿರಾರು ಓಮ್‌ನದು, 300ಬಿಗೆ ಸುಮಾರು 3,500. ಅದನ್ನು ಸ್ಪೀಕರ್‌ನ 8 ಓಮ್‌ಗೆ ಹೊಂದಿಸಲು ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಆಂಪ್ಲಿಫೈಯರ್‌ನ ತೂಕದಲ್ಲಿ ದೊಡ್ಡ ಪಾಲು ಅದರದೇ, ಗುಣದಲ್ಲೂ ಹಾಗೆಯೇ. ಇಷ್ಟೆಲ್ಲ ಆದ ಮೇಲೂ, ಫೀಡ್‌ಬ್ಯಾಕ್, ಅಂದರೆ ಹೊರಬಂದ ಸಂಕೇತದ ಒಂದಂಶವನ್ನು ಒಳಗೆ ಮರಳಿಸಿ ತಿದ್ದುವ ಉಪಾಯ, ಬಳಸದ ಒಂಟಿ ವಾಲ್ವ್‌ನ ಆಂಪ್ಲಿಫೈಯರ್‌ನಲ್ಲಿ 2ರಿಂದ 3 ಓಮ್ ತಡೆ ಉಳಿದಿರುತ್ತದೆ. ಆ 3 ಓಮ್‌ನ ಮುಂದೆ 40ರಿಂದ 4ರವರೆಗೆ ತೂಗಾಡುವ ಸ್ಪೀಕರ್ ಇಟ್ಟರೆ, ತಡೆ ಹೆಚ್ಚಿರುವ ಸ್ವರಗಳು ಕಡಿಮೆ ಇರುವ ಸ್ವರಗಳಿಗಿಂತ 4 ಡೆಸಿಬೆಲ್‌ನಷ್ಟು ಜೋರಾಗುತ್ತವೆ. ಟೋನ್ ಗುಂಡಿಯನ್ನು ಯಾರೋ ತಿರುಗಿಸಿಟ್ಟ ಹಾಗೆ ಕೇಳಿಸುವ ವ್ಯತ್ಯಾಸ ಇದು. 'ವಾಲ್ವ್‌ನ ಬೆಚ್ಚನೆ ಧ್ವನಿ' ಎಂದು ಹೊಗಳುವುದರಲ್ಲಿ ಒಂದಿಷ್ಟು ಪಾಲು ಇದರದೇ. ಒಂದು ಸ್ಪೀಕರ್‌ಗೆ ಹಿತವಾದ ಆ ಬಣ್ಣ ಇನ್ನೊಂದಕ್ಕೆ ವಿಕಾರವಾಗುತ್ತದೆ. ಒಂದೇ ಆಂಪ್ಲಿಫೈಯರ್ ಬಗ್ಗೆ ಇಬ್ಬರು ತಜ್ಞರು ಎದುರುಬದುರು ಮಾತಾಡುವುದಕ್ಕೂ ಇದೇ ಕಾರಣ.

ಒಳಗಿನ ತಡೆ ಹೆಚ್ಚಿದ್ದರೆ ಇನ್ನೊಂದು ಪರಿಣಾಮವೂ ಇದೆ. ತಳ್ಳುವುದನ್ನು ಬಿಟ್ಟ ಮೇಲೂ ಜೋಕಾಲಿ ಕೆಲ ಹೊತ್ತು ತೂಗುತ್ತದಲ್ಲ, ಹಾಗೆ ಮಂದ್ರ ನುಡಿಸುವ ಘಟಕವಾದ ವೂಫರ್‌ನ ಕೋನ್ ಕೂಡ ಸ್ವರ ನಿಂತ ಮೇಲೂ ಅಲುಗುತ್ತದೆ. ಅದನ್ನು ಹಿಡಿದು ನಿಲ್ಲಿಸಬೇಕಾದದ್ದು ಆಂಪ್ಲಿಫೈಯರ್. ಒಂಟಿ ವಾಲ್ವ್‌ನ ಹಿಡಿತ ಸಡಿಲ. ದೊಡ್ಡ ಕೋನ್‌ನ ಭಾರದ ವೂಫರ್ ಇದ್ದರೆ ತಬಲಾದ ಡಗ್ಗಾ ಒಂದೊಂದು ಪೆಟ್ಟಾಗಿ ಕೇಳದೆ ಗುಂಯ್ ಎನ್ನುವ ಒಂದೇ ರಾಶಿಯಾಗುತ್ತದೆ.

ಸೆನ್ಸಿಟಿವಿಟಿ ಮತ್ತು ಇಂಪೀಡೆನ್ಸ್ ಎಂಬ ಈ ಎರಡು ಅಂಕಿಗಳ ನಡುವಿನ ಪಂದ್ಯಕ್ಕೆ ಇಂಗ್ಲೆಂಡಿನ ಎರಡು ಸ್ಪೀಕರ್‌ಗಳಿಗಿಂತ ಒಳ್ಳೆಯ ಸಾಕ್ಷಿ ಸಿಗದು. ಬಿಬಿಸಿ ತನ್ನ ಹೊರಾಂಗಣ ಪ್ರಸಾರದ ವಾಹನಗಳ ಇಕ್ಕಟ್ಟಿಗೆಂದು 1970ರ ದಶಕದಲ್ಲಿ ರೂಪಿಸಿದ ಎಲ್‌ಎಸ್3/5ಎ ತೀರಾ ಪುಟ್ಟ ಪೆಟ್ಟಿಗೆ. ಸೆನ್ಸಿಟಿವಿಟಿ ಬರೀ 83ರ ಆಸುಪಾಸು. ಕಾಗದದ ಮೇಲೆ ಇದು ವಾಲ್ವ್‌ಗೆ ಶತ್ರು. ಆದರೂ 15ರಿಂದ 35 ವಾಟ್‌ನ ವಾಲ್ವ್ ಆಂಪ್ಲಿಫೈಯರ್‌ಗಳ ಜೊತೆ ಇದನ್ನು ದಶಕಗಳಿಂದ ಪ್ರೀತಿಯಿಂದ ಕೇಳುತ್ತ ಬಂದವರಿದ್ದಾರೆ. ಮೂಲ ಮಾದರಿಯ ಇಂಪೀಡೆನ್ಸ್ 15 ಓಮ್, ಆಂಪ್ಲಿಫೈಯರನ್ನು ಎಲ್ಲೂ ಹಿಂಸಿಸುವುದಿಲ್ಲ ಎಂಬುದು ಅದಕ್ಕೊಂದು ದೊಡ್ಡ ಕಾರಣ. ಹತ್ತಿರ ಕೂತು, ಹದವಾದ ಮಟ್ಟದಲ್ಲಿ ಕೇಳಬೇಕು, ಅಷ್ಟೇ. ಇನ್ನೊಂದು, ಪೀಟರ್ ವಾಕರ್ 1957ರಲ್ಲಿ ತಂದ ಕ್ವಾಡ್ ಎಲೆಕ್ಟ್ರೊಸ್ಟಾಟಿಕ್. ಇದರಲ್ಲಿ ಕೋನ್ ಇಲ್ಲ, ವಿದ್ಯುತ್ ಕ್ಷೇತ್ರದಲ್ಲಿ ಕಂಪಿಸುವ ತೆಳು ಪ್ಲಾಸ್ಟಿಕ್ ಹಾಳೆ. ಮಂದ್ರದಲ್ಲಿ ಮೂವತ್ತು ಓಮ್ ದಾಟುವ ಇದರ ತಡೆ, ತಾರದ ತುದಿಗೆ ಬರುವಾಗ ಎರಡು ಓಮ್‌ನ ಸುತ್ತಮುತ್ತ ಇಳಿಯುತ್ತದೆ. ಒಂಟಿ 300ಬಿಗೆ ಇದನ್ನು ಕಟ್ಟಿದರೆ ಮೇಲಿನ ಸ್ವರಗಳು ಮಸುಕಾಗುತ್ತವೆ. ವಾಕರ್ ತಮ್ಮದೇ 15 ವಾಟ್‌ನ ಕ್ವಾಡ್ 2 ವಾಲ್ವ್ ಆಂಪ್ಲಿಫೈಯರನ್ನು, ಫೀಡ್‌ಬ್ಯಾಕ್‌ನಿಂದ ಒಳ ತಡೆಯನ್ನು ತಗ್ಗಿಸಿದ್ದನ್ನು, ಇದರ ಜೊತೆಗಿಟ್ಟರು. ಆ ಜೋಡಿ ಇಂದಿಗೂ ಮಾದರಿಯಾಗಿ ಉಳಿದಿದೆ.

ಹಾಗಾದರೆ ಹೊಸಬರು ಏನನ್ನು ಹುಡುಕಬೇಕು? ಪತ್ರಿಕೆಗಳ ವಿಮರ್ಶೆಯಲ್ಲಿ ಇಂಪೀಡೆನ್ಸ್‌ನ ರೇಖಾಚಿತ್ರವಿದ್ದರೆ ಮೊದಲು ಅದನ್ನು. ಗೆರೆ ಆದಷ್ಟು ಸಮತಟ್ಟಾಗಿರಬೇಕು, 6 ಓಮ್‌ಗಿಂತ ಕೆಳಗೆ ಇಳಿಯಬಾರದು. ಮೂರು ನಾಲ್ಕು ಘಟಕಗಳನ್ನು ತುಂಬಿ, ಅವುಗಳಿಗೆ ಸ್ವರಗಳನ್ನು ಹಂಚಿಕೊಡುವ ಸಂಕೀರ್ಣ ಕ್ರಾಸ್‌ಓವರ್ ಹಾಕಿದ ಎತ್ತರದ ಸ್ಪೀಕರ್‌ಗಳು ಎಷ್ಟೇ ಭವ್ಯವಾಗಿ ಕಂಡರೂ ದೂರ ಇಡುವುದು ಲೇಸು. ಸರಳ ಕ್ರಾಸ್‌ಓವರ್‌ನ ಎರಡು ಘಟಕದವು, ಟ್ಯಾನಾಯ್ ಕಂಪನಿ 1947ರಿಂದ ಮಾಡುತ್ತ ಬಂದಿರುವಂತೆ ವೂಫರ್‌ನ ನಡುವೆಯೇ ತಾರಸ್ವರಗಳ ಟ್ವೀಟರ್ ಕೂರಿಸಿದವು, ಹಾರ್ನ್‌ನವು ಒಗ್ಗುತ್ತವೆ. ಲೌದರ್‌ನಂಥ ಕಂಪನಿಗಳ, ಕ್ರಾಸ್‌ಓವರೇ ಇಲ್ಲದ ಒಂದೇ ಘಟಕದ ಸ್ಪೀಕರ್‌ಗಳಿಗೆ ಪ್ರತ್ಯೇಕ ಭಕ್ತರ ಬಳಗವಿದೆ. ಕಂಠದ ಸಾಮೀಪ್ಯದಲ್ಲಿ ಅವನ್ನು ಮೀರಿಸುವುದು ಕಷ್ಟ, ಆದರೆ ಪಿಟೀಲಿನ ತಾರಸ್ಥಾಯಿಯಲ್ಲಿ ಕಿವಿಗೆ ಚುಚ್ಚುವ ಸ್ವಭಾವ ಕೆಲವಕ್ಕಿದೆ. ತಂದ ಮೇಲೆ ಬೇಸರಪಡುವ ಬದಲು ಪರಿಚಿತ ಕಛೇರಿಯ ಧ್ವನಿಮುದ್ರಣವನ್ನು ಅಂಗಡಿಗೆ ಒಯ್ದು ಪೂರ್ತಿ ಕೇಳಿ ತೀರ್ಮಾನಿಸಬೇಕು.

ಹಳೆಯ ಸ್ಪೀಕರ್ ಕೊಳ್ಳುವುದಕ್ಕೂ ಇಲ್ಲಿ ಅರ್ಥವಿದೆ, ಏಕೆಂದರೆ ಅವುಗಳಲ್ಲಿ ಹಲವು ವಾಲ್ವ್ ಕಾಲದವೇ. ಕೋನ್‌ನ ಅಂಚಿನ ಸುತ್ತು ಫೋಮ್‌ನದಾಗಿದ್ದರೆ ನಮ್ಮ ಸೆಕೆ, ತೇವಗಳಲ್ಲಿ ಅದು ಪುಡಿಯಾಗಿರುವ ಸಂಭವವೇ ಹೆಚ್ಚು. ಬಟ್ಟೆಯ ಅಂಚಿನವು ತಾಳುತ್ತವೆ. ಹಳೆಯ ವಾಲ್ವ್‌ಗಳ ವಿಷಯದಲ್ಲಂತೂ ಬೆಂಗಳೂರಿಗೆ ತನ್ನದೇ ಪಾಲಿದೆ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆ ಆರಂಭಿಸಿತು. 'ಬೆಲ್' ಮುದ್ರೆಯ ಆ ವಾಲ್ವ್‌ಗಳನ್ನು ಹವ್ಯಾಸಿಗಳು ಈಗಲೂ ಹುಡುಕಿ ಕೊಳ್ಳುತ್ತಾರೆ.

ಜೋಡಿಸುವಾಗಿನ ಒಂದು ಪ್ರಯೋಗಕ್ಕೆ ದುಡ್ಡು ಬೇಡ. ಆಂಪ್ಲಿಫೈಯರ್‌ನ ಹಿಂದೆ ಸಾಮಾನ್ಯವಾಗಿ 4, 8, ಕೆಲವೊಮ್ಮೆ 16 ಓಮ್‌ನ ಬೇರೆ ಬೇರೆ ತಿರುಪುಗಳಿರುತ್ತವೆ. 8 ಓಮ್ ಸ್ಪೀಕರನ್ನು 8ಕ್ಕೆ ಹಾಕಿ ಕೇಳಿ, ಆಮೇಲೆ 4ಕ್ಕೆ ಬದಲಿಸಿ ನೋಡಬಹುದು. ಗರಿಷ್ಠ ಶಕ್ತಿ ತುಸು ತಗ್ಗುತ್ತದೆ. ಆದರೆ ವಾಲ್ವ್‌ನ ಮೇಲಿನ ಹೊರೆ ಹಗುರಾಗಿ ಮಂದ್ರದ ಹಿಡಿತ ಬಿಗಿಯಾಗುತ್ತದೆ. ಹಲವು ಮನೆಗಳಲ್ಲಿ ಇದೇ ಕಿವಿಗೆ ಒಪ್ಪುತ್ತದೆ. ತಂತಿ ಬದಲಿಸುವ ಮುನ್ನ ಆಂಪ್ಲಿಫೈಯರ್ ಆರಿಸಲೇಬೇಕು. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ಲಿಫೈಯರ್‌ನಲ್ಲಿ ಹಾಡು ಹಾಕಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಒಳಗೆ ವೋಲ್ಟೇಜ್ ಚಿಮ್ಮಿ ಅದು ಸುಟ್ಟುಹೋಗಬಹುದು, ಮತ್ತು ಇಡೀ ಪೆಟ್ಟಿಗೆಯಲ್ಲಿ ಬದಲಿಸಲು ಅತಿ ದುಬಾರಿಯಾದ ಭಾಗಗಳಲ್ಲಿ ಅದೂ ಒಂದು. ಒಳಗೆ 300ರಿಂದ 450 ವೋಲ್ಟ್ ಓಡುತ್ತಿರುತ್ತದೆ. ಆರಿಸಿದ ಮೇಲೂ ಕೆಪಾಸಿಟರ್‌ಗಳು ಅದನ್ನು ಹಿಡಿದಿಟ್ಟುಕೊಂಡಿರುವುದರಿಂದ, ಮುಚ್ಚಳ ತೆಗೆಯುವ ಕೆಲಸವನ್ನು ತಿಳಿದ ಮೆಕ್ಯಾನಿಕ್‌ಗೇ ಬಿಡಬೇಕು.