ಮುಟ್ಟಿ ಮುಟ್ಟಿ ಬಾಡಿದ ಹೂವು

ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ‘ಧ್ವನ್ಯಾಲೋಕ’ವನ್ನು ರಚಿಸುತ್ತ, ರಸಕ್ಕೆ ಒದಗುವ ವಿಘ್ನಗಳಲ್ಲಿ ಒಂದು ಸೂಕ್ಷ್ಮವಾದುದನ್ನು ಹೇಳಿದ್ದಾನೆ. ಪೂರ್ಣವಾಗಿ ಪರಿಪೋಷ ಹೊಂದಿದ ರಸವನ್ನು ಪದೇ ಪದೇ ಉದ್ದೀಪಿಸಹೊರಟರೆ ಅದು ಮುಟ್ಟಿ ಮುಟ್ಟಿ ಬಾಡಿದ ಹೂವಿನಂತಾಗುತ್ತದೆ ಎಂಬುದು ಅವನ ಅಭಿಪ್ರಾಯ. ಮುಂದೆ ಮಮ್ಮಟನು ಇದನ್ನೇ ರಸದೋಷಗಳ ಸಾಲಿಗೆ ಸೇರಿಸಿ, ಉದಾಹರಣೆಯಾಗಿ ‘ಕುಮಾರಸಂಭವ’ದ ರತಿವಿಲಾಪವನ್ನೇ ತೋರಿಸಿದ. ಕಾಳಿದಾಸನಿಗೂ ರಿಯಾಯಿತಿಯಿಲ್ಲ! ಈಚೆಗೆ ಈ ಭಾಗವನ್ನು ಓದುವಾಗಲೆಲ್ಲ ನನ್ನ ಮನಸ್ಸಿಗೆ ಬರುವವಳು ರತಿಯಲ್ಲ. ಹಾಲಿವುಡ್ಡಿನ ಮಾರ್ವೆಲ್ ಚಿತ್ರಮಾಲೆ. ಹಿರಿಯ ಓದುಗರು ಹುಬ್ಬು ಗಂಟಿಕ್ಕಬಾರದು. ಲಕ್ಷಣಗ್ರಂಥಗಳು ಕಪಾಟಿನಲ್ಲಿಟ್ಟು ಪೂಜಿಸುವುದಕ್ಕಷ್ಟೇ ಇರುವಂಥವಲ್ಲವಷ್ಟೆ.

2008ರಲ್ಲಿ ‘ಐರನ್ ಮ್ಯಾನ್’ ಚಿತ್ರದಿಂದ ಮೊದಲಾದ ಈ ಮಾಲೆ 2019ರ ಏಪ್ರಿಲ್‌ನಲ್ಲಿ ‘ಅವೆಂಜರ್ಸ್: ಎಂಡ್‌ಗೇಮ್’ ಎಂಬ 22ನೆಯ ಚಿತ್ರಕ್ಕೆ ಮುಟ್ಟಿತು. ಅದರಲ್ಲಿ ಮೊದಲ ಚಿತ್ರದ ನಾಯಕ ಟೋನಿ ಸ್ಟಾರ್ಕ್ ಲೋಕವನ್ನುಳಿಸಿ ತಾನು ಸಾಯುತ್ತಾನೆ. ಪ್ರಪಂಚದಾದ್ಯಂತ ಸುಮಾರು 279 ಕೋಟಿ ಡಾಲರ್ ಸಂಗ್ರಹವಾಯಿತು. ಹನ್ನೊಂದು ವರ್ಷ ಅವನೊಡನೆ ಬೆಳೆದ ಮಕ್ಕಳು ಆ ಸಾವಿಗಾಗಿ ಅತ್ತರು. ಆ ಅಳು ಹುಸಿಯೆಂದು ನಾನು ಹೇಳಲಾರೆ. ಒಂದು ದೀರ್ಘ ಕಥೆ ತನ್ನ ಫಲವನ್ನು ಪಡೆದ ಗಳಿಗೆ ಅದು.

ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ವ್ಯಾಪಾರಕ್ಕೆ ಆ ಧೈರ್ಯವೆಲ್ಲಿಯದು? ಮುಂದಿನ ನಾಲ್ಕೂವರೆ ವರ್ಷಗಳಲ್ಲಿ ಇನ್ನೂ 11 ಚಿತ್ರಗಳು ಬಂದವು. 2021ರ ಜನವರಿಯಿಂದ ಮನೆಯಲ್ಲೇ ಕುಳಿತು ನೋಡುವ ಧಾರಾವಾಹಿಗಳೂ ಒಂದರ ಹಿಂದೊಂದು ಸೇರಿಕೊಂಡವು. 2023ರ ನವೆಂಬರ್‌ನಲ್ಲಿ ತೆರೆಗೆ ಬಂದ ‘ದಿ ಮಾರ್ವೆಲ್ಸ್’ ಚಿತ್ರಕ್ಕೆ ಮೂವರು ನಾಯಕಿಯರು. ಅವರಲ್ಲಿ ಇಬ್ಬರ ಪೂರ್ವಕಥೆ ಆ ಧಾರಾವಾಹಿಗಳಲ್ಲಿದೆ. ಕಾಲೇಜಿನಲ್ಲಿ ಓದುವ ನನ್ನ ತಂಗಿಯ ಮಗ ಆಗ ಹೇಳಿದ ಮಾತು: “ಮಾವ, ಸಿನಿಮಾಕ್ಕೆ ಹೋಗೋದಕ್ಕೂ ಸಿಲಬಸ್ ಮುಗಿಸಬೇಕಾಗಿದೆ. ನಾನು ಬರೋದಿಲ್ಲ.” ಅವನಂಥವರು ಬಹಳ ಮಂದಿ ಇದ್ದಿರಬೇಕು. ಆ ಚಿತ್ರ 21 ಕೋಟಿ ಡಾಲರನ್ನೂ ಮುಟ್ಟಲಿಲ್ಲ. ಮಾಲೆಯಲ್ಲಿ ಅಷ್ಟು ಕಡಮೆ ಗಳಿಸಿದ್ದು ಬೇರೊಂದಿಲ್ಲ.

ದೀರ್ಘತೆಯೇ ಬೇಸರಕ್ಕೆ ಕಾರಣವೆಂದು ನಾನು ಒಪ್ಪುವುದಿಲ್ಲ. ಜೇಮ್ಸ್ ಬಾಂಡ್ 1962ರಿಂದ 2021ರವರೆಗೆ 25 ಚಿತ್ರಗಳಲ್ಲಿ ಬಂದ. ಹತ್ತನೆಯದನ್ನು ನೋಡಲು ಒಂಬತ್ತನೆಯದನ್ನು ನೋಡಿರಬೇಕಾದ ಹಂಗು ಬಹುಮಟ್ಟಿಗೆ ಇರಲಿಲ್ಲ. ಅವನ ಕನ್ನಡದ ದಾಯಾದಿ, ದೊರೈ–ಭಗವಾನ್ ಜೋಡಿಯ ಸಿ.ಐ.ಡಿ. 999 — ನಮ್ಮ ರಾಜ್‌ಕುಮಾರ್ — 1968ರ ‘ಜೇಡರ ಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ನಾಲ್ಕೇ ಬಾರಿ ಕಾಣಿಸಿಕೊಂಡ. ಯಕ್ಷಗಾನದಲ್ಲಂತೂ ಕರ್ಣ ಎಷ್ಟು ರಾತ್ರಿ ಸತ್ತಿದ್ದಾನೋ ಲೆಕ್ಕವಿಲ್ಲ. ನಾಳೆ ಅವನು ಮತ್ತೆ ರಂಗಕ್ಕೆ ಬರುತ್ತಾನೆ ನಿಜ. ಆದರೆ ಬರುವುದು ತನ್ನ ಸಾವನ್ನು ರದ್ದುಮಾಡಲಿಕ್ಕಲ್ಲ, ಅದೇ ಬಾಳನ್ನು ಮತ್ತೊಮ್ಮೆ ಬಾಳಿ ಅದೇ ಸಾವನ್ನು ಸಾಯಲಿಕ್ಕೆ. ನೋಡುವವನಿಗೆ ಆ ಮುಗಿತಾಯದ ಭರವಸೆಯಿದೆ.

ಚಿತ್ರಮಾಲೆಯಲ್ಲಿ ಇಲ್ಲವಾದದ್ದು ಆ ಭರವಸೆ. ಪ್ರತಿಯೊಂದು ಚಿತ್ರವೂ ಮುಂದಿನದರ ಜಾಹೀರಾತಾಗಿಬಿಟ್ಟರೆ ಇಂದಿನ ಶೋಕಕ್ಕಾಗಲಿ ಇಂದಿನ ಗೆಲುವಿಗಾಗಲಿ ಬೆಲೆಯೇನು? ಪ್ರೇಕ್ಷಕ ಜಾಣ, ಕಣ್ಣೀರನ್ನು ಕೈತಡೆದು ಖರ್ಚುಮಾಡಲು ಕಲಿಯುತ್ತಾನೆ. ಜನ ಪೂರ್ತಿ ಬಿಟ್ಟೇಹೋದರೆಂದಲ್ಲ: 2024ರ ‘ಡೆಡ್‌ಪೂಲ್ ಅಂಡ್ ವುಲ್ವರಿನ್’ 130 ಕೋಟಿ ಡಾಲರನ್ನು ಮೀರಿತು. ಆದರೆ ಬೇಸರ ಕುರುಡು. 2025ರಲ್ಲಿ ‘ಥಂಡರ್‌ಬೋಲ್ಟ್ಸ್’ ವಿಮರ್ಶಕರ ಮೆಚ್ಚುಗೆಯನ್ನು ಪಡೆದೂ 40 ಕೋಟಿ ಡಾಲರನ್ನು ತಲಪಲಿಲ್ಲ. ಅಣ್ಣಂದಿರು ಮಾಡಿದ ಸಾಲವನ್ನು ಕಿರಿಯನು ತೀರಿಸಬೇಕಾಯಿತು.

ಟೋನಿ ಸ್ಟಾರ್ಕನ ಪಾತ್ರ ವಹಿಸಿದ್ದ ರಾಬರ್ಟ್ ಡೌನಿ ಜೂನಿಯರ್ ಬೇರೊಂದು ಪಾತ್ರದಲ್ಲಿ, ಡಾಕ್ಟರ್ ಡೂಮ್ ಎಂಬ ಖಳನಾಗಿ, ಇದೇ ಮಾಲೆಗೆ ಮರಳುವನೆಂದು 2024ರ ಜುಲೈನಲ್ಲಿ ಘೋಷಿಸಲಾಯಿತು. ಸುದ್ದಿಯನ್ನು ತಂದವನು ನನ್ನ ಸೋದರಳಿಯನೇ. “ಹಾಗಾದರೆ ಅವತ್ತು ನಾವು ಅತ್ತಿದ್ದು ಯಾರಿಗೆ ಮಾವ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದ.