ನಲವತ್ತರಲ್ಲಿ ಪೈಲಟ್: ಅಡ್ಡಿ ವಯಸ್ಸಲ್ಲ, ಸಾಲ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರು ನಲವತ್ತರಲ್ಲಿ ಪೈಲಟ್ ಆಗಹೊರಟರೆ ಊರು ನಕ್ಕೀತು. ಕಾನೂನು ನಗುವುದಿಲ್ಲ: ಕಮರ್ಷಿಯಲ್ ಲೈಸೆನ್ಸಿಗೆ 18 ತುಂಬಿದ್ದರಾಯಿತು, 65ರವರೆಗೆ ಹಾರಬಹುದು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದದವರು ಮುಕ್ತ ಶಾಲೆಯಲ್ಲಿ ಅವನ್ನು ಪಾಸು ಮಾಡಿಕೊಳ್ಳಬಹುದು. ನಿಜವಾದ ಅಡ್ಡಿ ಹಣದ್ದು. 200 ಗಂಟೆಗಳ ಹಾರಾಟಕ್ಕೆ ಹತ್ತಾರು ಲಕ್ಷ ಬೇಕು. ಏರ್‌ಬಸ್‌ನಂಥ ವಿಮಾನ ಹಾರಿಸಲು ಬೇಕಾದ ಅರ್ಹತೆ, ಅಂದರೆ ಟೈಪ್ ರೇಟಿಂಗ್, ಬೇರೆ ಖರ್ಚು. ಇಪ್ಪತ್ತೆರಡರ ಹುಡುಗನಿಗೆ ಆ ಸಾಲ ತೀರಿಸಲು ನಾಲ್ಕು ದಶಕಗಳಿದ್ದರೆ ಇವರಿಗೆ ಎರಡು ಚಿಲ್ಲರೆ, ಅದೂ ಲೈಸೆನ್ಸಿನ ಬೆನ್ನಿಗೇ ಕೆಲಸ ಸಿಕ್ಕರೆ. ಹೊಲ ಮಾರಿದರಾಯ್ತು ಎನ್ನುವವರಿದ್ದಾರೆ. ಮಾರುವ ಮುನ್ನ ಮೊದಲ ದರ್ಜೆಯ ವೈದ್ಯಕೀಯ ತಪಾಸಣೆ ಮುಗಿಸಿಕೊಳ್ಳಲಿ. ನಲವತ್ತರ ಬಿಪಿ, ಸಕ್ಕರೆ, ಇಸಿಜಿಗಳ ಹಣೆಬರಹ ಅಲ್ಲೇ ಗೊತ್ತಾಗುತ್ತದೆ. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ಶುಲ್ಕ ವಿಚಾರಿಸುವುದು ಆಮೇಲಿನ ಮಾತು.